ಕಮಾಂಡರ್ ಕೊಟ್ಟ ಆದೇಶ, ಕೋರ್ಟು ಕೊಟ್ಟ ಆದೇಶ: ಎರಡೂ ಕೈಯಲ್ಲಿರಲಿ

ಅಮೆರಿಕದ ವರ್ಜೀನಿಯಾ ರಾಜ್ಯದ ನಾರ್ಫೋಕ್‌ನಲ್ಲಿ ಜಗತ್ತಿನ ಅತಿ ದೊಡ್ಡ ನೌಕಾನೆಲೆ ಇದೆ. ನಮ್ಮ ಬಡಾವಣೆಯಲ್ಲಿ ಸಮವಸ್ತ್ರ ತೊಡುವವರಿಲ್ಲದ ಬೀದಿಯೇ ಇಲ್ಲ. ಹಿಂದಿ, ತಮಿಳಿನಂಥ ಭಾಷೆ ಬಲ್ಲ ವಿದೇಶಿಯರನ್ನು ಸೇನೆಗೆ ಸೇರಿಸಿಕೊಂಡು ಬೇಗ ಪೌರತ್ವ ಕೊಡುತ್ತಿದ್ದ ‘ಮಾವ್ನಿ’ ಯೋಜನೆ 2016ರಲ್ಲಿ ನಿಂತಿತಾದರೂ, ಇಲ್ಲಿನ ಪಡೆಗಳಲ್ಲಿ ಭಾರತೀಯ ಹುಡುಗರು ಈಗಲೂ ಇದ್ದಾರೆ. ಅವರನ್ನು ಮದುವೆಯಾಗಿ ಬಂದ ಕನ್ನಡದ ಹೆಣ್ಣುಮಕ್ಕಳೂ ಇದ್ದಾರೆ. ಅಂಥ ಒಬ್ಬಳು ಗಂಡನ ಹೊಡೆತ ತಾಳಲಾರದೆ ನಮ್ಮ ಮನೆಗೆ ಬಂದಳು. ಅವಳ ಜೊತೆ ಕಚೇರಿಗಳಿಗೆ ಅಲೆದಾಗ ತಿಳಿದದ್ದನ್ನು ಊರಿನಲ್ಲಿರುವ ತಂದೆತಾಯಂದಿರಿಗಾಗಿ ಬರೆಯುತ್ತಿದ್ದೇನೆ.

ಸೈನಿಕನನ್ನು ಹೆಂಡತಿಯಿಂದ ದೂರವಿಡಲು ಇಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಸೇನೆಯೊಳಗಿನದು. ಅವನ ಕಮಾಂಡರ್ ‘ಮಿಲಿಟರಿ ರಕ್ಷಣಾ ಆದೇಶ’ ಹೊರಡಿಸಬಹುದು. ಅದಕ್ಕೆಂದೇ ಡಿಡಿ 2873 ಎಂಬ ನಮೂನೆಯಿದೆ. ಇದಕ್ಕೆ ವಿಚಾರಣೆ ಬೇಕಿಲ್ಲ, ವಕೀಲರು ಬೇಕಿಲ್ಲ, ಅಪಾಯವಿದೆ ಎಂದು ಕಮಾಂಡರ್‌ಗೆ ಮನವರಿಕೆಯಾದರೆ ಅದೇ ದಿನ ಆಗುತ್ತದೆ. ಮನೆ ಬಿಟ್ಟು ಬ್ಯಾರಕ್‌ನಲ್ಲಿ ಇರು ಎನ್ನಬಹುದು. ಫೋನು, ಮೆಸೇಜು, ಪತ್ರ ಯಾವುದೂ ಕೂಡದು ಎನ್ನಬಹುದು. ಮೀರಿದರೆ ಅದು ಮೇಲಧಿಕಾರಿಯ ಆಜ್ಞೆ ಮೀರಿದ ಅಪರಾಧ, ಸೇನಾ ಕಾನೂನಿನಡಿ ಶಿಕ್ಷೆ. ನೌಕರಿಯ ಶಿಸ್ತಿಗೆ ಅಂಜುವವನಿಗೆ ಇದು ಚೆನ್ನಾಗಿ ನಾಟುತ್ತದೆ.

ಆದರೆ ಅದೊಂದನ್ನೇ ನಂಬಿ ಕೂರಬಾರದು. ಆದೇಶ ಹೊರಟ ವಿಷಯವನ್ನು ಕಮಾಂಡರ್ ಹೊರಗಿನ ಪೊಲೀಸರಿಗೆ ತಿಳಿಸುತ್ತಾರೆ, ನಿಜ. ಹಾಗೆಂದು ನೆಲೆಯ ಹೊರಗಿನ ಬಾಡಿಗೆ ಮನೆಯ ಬಾಗಿಲಿಗೆ ಅವನು ಬಂದು ನಿಂತರೆ, ಸೇನೆಯ ಆದೇಶ ಮೀರಿದ ಎಂಬ ಒಂದೇ ಕಾರಣಕ್ಕೆ ಆ ಪೊಲೀಸರು ಬಂಧಿಸುವಂತಿಲ್ಲ. ಅದು ಅವರ ಕಾನೂನಲ್ಲ. ಜೊತೆಗೆ, ಕೊಟ್ಟ ಕಮಾಂಡರೇ ಅದನ್ನು ಹಿಂದಕ್ಕೆ ಪಡೆಯಲೂಬಹುದು.

ಆದ್ದರಿಂದ ಎರಡನೆಯದು, ಕೋರ್ಟಿನ ಆದೇಶ, ಬೇಕೇ ಬೇಕು. ವರ್ಜೀನಿಯಾದಲ್ಲಿ ಇದಕ್ಕೆ ಶುಲ್ಕವಿಲ್ಲ. ರಾತ್ರಿ ಹೊತ್ತು ಪೊಲೀಸರನ್ನು ಕರೆದರೂ ಮ್ಯಾಜಿಸ್ಟ್ರೇಟರಿಂದ 72 ಗಂಟೆಗಳ ತುರ್ತು ಆದೇಶ ಸಿಗುತ್ತದೆ. ಆಮೇಲೆ ಕೌಟುಂಬಿಕ ನ್ಯಾಯಾಲಯದಲ್ಲಿ 15 ದಿನಗಳ ತಾತ್ಕಾಲಿಕ ಆದೇಶ, ಇಬ್ಬರ ಮಾತನ್ನೂ ಕೇಳಿದ ಮೇಲೆ ಎರಡು ವರ್ಷದವರೆಗಿನ ಪೂರ್ಣ ಆದೇಶ. ಭಾರತದಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಕೊಡುವ ರಕ್ಷಣಾ ಆದೇಶ ಕೇಳಿ ಬಲ್ಲವರಿಗೆ ಇದು ಹೊಸದಲ್ಲ. ವರ್ಜೀನಿಯಾ ಕೋರ್ಟಿನ ಆದೇಶ ಅಮೆರಿಕದ ಬೇರೆ ರಾಜ್ಯಗಳಲ್ಲೂ ನಡೆಯುತ್ತದೆ. 2002ರ ಕಾನೂನಿನಿಂದಾಗಿ ಸೇನಾನೆಲೆಯ ಗೇಟಿನ ಒಳಗೂ ನಡೆಯುತ್ತದೆ. ವಿಚಾರಣೆಯ ನಂತರ ಬಂದ ಆದೇಶವಿದ್ದರೆ ಅವನು ಸ್ವಂತ ಬಂದೂಕು ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಈ ನಿಷೇಧವನ್ನು ಅಮೆರಿಕದ ಸುಪ್ರೀಂ ಕೋರ್ಟು 2024ರಲ್ಲಿ ಎತ್ತಿಹಿಡಿಯಿತು. ಕರ್ತವ್ಯದ ಮೇಲೆ ಹಿಡಿಯುವ ಸರ್ಕಾರಿ ಆಯುಧಕ್ಕೆ ಮಾತ್ರ ವಿನಾಯಿತಿಯಿದೆ.

ಇನ್ನು ನಮ್ಮವರಿಗೆ ನಾನು ಕೈಮುಗಿದು ಹೇಳಬೇಕಾದ ಮಾತು. ಈ ಆದೇಶಗಳು ನೇರ ಸಂಪರ್ಕವನ್ನು ಮಾತ್ರವಲ್ಲ, ಬೇರೆಯವರ ಮೂಲಕ ಹೇಳಿ ಕಳಿಸುವುದನ್ನೂ ತಡೆಯುತ್ತವೆ. ಈ ಹುಡುಗಿಗೆ ಆದೇಶ ಸಿಕ್ಕ ಮೇಲೆ ಅತ್ತೆ ಫೋನು ಮಾಡಿದರು, ಭಾವ ಮಾಡಿದರು, ಮದುವೆ ಮಾಡಿಸಿದ ಹಿರಿಯರೂ ಮಾಡಿದರು. ಎಲ್ಲರ ಬಾಯಲ್ಲೂ ರಾಜಿಯ ಮಾತು, ಎಲ್ಲವೂ ಅವನೇ ಹೇಳಿಸಿದ್ದು. ಒಳ್ಳೆಯದಾಗಲಿ ಎಂದು ಅವರು ಮಾಡಿದ ಒಂದೊಂದು ಕರೆಯೂ ಅವನು ಆದೇಶ ಮೀರಿದ್ದಕ್ಕೆ ಪುರಾವೆಯಾಯಿತು. ಕರೆಗಳ ದಾಖಲೆಯನ್ನೂ ವಾಟ್ಸ್ಆ್ಯಪ್ ಸಂದೇಶಗಳನ್ನೂ ಅಳಿಸದೆ ಇಟ್ಟುಕೊಂಡದ್ದು ಅವಳಿಗೆ ಬಹಳ ನೆರವಾಯಿತು.

ಅವಳ ತಾಯಿಯ ಭಯ ಬೇರೆಯದೇ ಆಗಿತ್ತು. “ಅವನ ಕೆಲಸ ಹೋದರೆ ನಿನ್ನ ಗತಿಯೇನು ಮಗಳೇ? ವೀಸಾ ಕಥೆಯೇನು?” ಎಂದು ಅತ್ತರು. ನಾನೇ ಫೋನು ತೆಗೆದುಕೊಂಡು, “ಅಮ್ಮ, ಅದಕ್ಕೂ ಇಲ್ಲಿ ಕಾನೂನಿದೆ” ಎಂದು ನಿಧಾನವಾಗಿ ವಿವರಿಸಿದೆ. ಮನೆಯವರ ಮೇಲಿನ ಹಿಂಸೆಯ ಕಾರಣಕ್ಕೆ ಸೈನಿಕನನ್ನು ಸೇವೆಯಿಂದ ತೆಗೆದರೆ, ಹೆಂಡತಿ ಮಕ್ಕಳಿಗೆ 12ರಿಂದ 36 ತಿಂಗಳವರೆಗೆ ಪರಿಹಾರ ಹಣ ಬರುತ್ತದೆ. ಗಂಡ ಅಮೆರಿಕದ ಪ್ರಜೆಯೋ ಗ್ರೀನ್‌ಕಾರ್ಡ್‌ದಾರನೋ ಆಗಿದ್ದರೆ, ಹಿಂಸೆಗೊಳಗಾದ ಹೆಂಡತಿ ಅವನಿಗೆ ಗೊತ್ತಾಗದಂತೆ ತಾನೇ ಗ್ರೀನ್‌ಕಾರ್ಡ್‌ಗೆ ಅರ್ಜಿ ಹಾಕಬಹುದು. 1994ರಿಂದ ಈ ಅವಕಾಶವಿದೆ. ಊರಿನ ಎಷ್ಟೋ ಮನೆಗಳಿಗೆ ಇದು ಗೊತ್ತಿಲ್ಲದೆ, ‘ಹೊಂದಿಕೊಂಡು ಹೋಗು’ ಎಂಬ ಮಾತು ಸಾಗರ ದಾಟಿ ಬರುತ್ತಲೇ ಇರುತ್ತದೆ. ನನಗೆ ಸಂಕಟವಾಗುವುದು ಅಲ್ಲಿಯೇ.

ದೂರು ಕೊಡುವಾಗ ಒಂದು ಎಚ್ಚರ ಬೇಕು. ನೆಲೆಯ ಕುಟುಂಬ ನೆರವು ಕೇಂದ್ರದಲ್ಲಿ ಗುಟ್ಟಾಗಿಡುವ ದೂರನ್ನೂ ಕೊಡಬಹುದು; ಚಿಕಿತ್ಸೆ, ಸಲಹೆ ಸಿಗುತ್ತದೆ, ಕಮಾಂಡರ್‌ಗೆ ಸುದ್ದಿ ಹೋಗುವುದಿಲ್ಲ. ಸುದ್ದಿ ಹೋಗದಿದ್ದರೆ ಅವರ ಆದೇಶವೂ ಬರುವುದಿಲ್ಲ. ಯಾವ ಬಗೆಯ ದೂರಿಗೆ ಸಹಿ ಹಾಕುತ್ತಿದ್ದೇನೆ ಎಂದು ಮೊದಲೇ ಕೇಳಿಕೊಳ್ಳಬೇಕು. ನೆಲೆಗೆ ಕಾಲಿಡಲು ಹೆದರುವವರು ರಾಷ್ಟ್ರೀಯ ಸಹಾಯವಾಣಿ 1-800-799-7233ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಈಗ ಅವಳ ಬಳಿ ಎರಡೂ ಆದೇಶಗಳಿವೆ, ಪ್ರತಿಗಳು ಸದಾ ಅವಳ ಕೈಚೀಲದಲ್ಲಿರುತ್ತವೆ. ಕೋರ್ಟಿನ ಆದೇಶದ ಅವಧಿ ಮುಗಿಯುವ ಮುನ್ನವೇ ಅರ್ಜಿ ಹಾಕಿದರೆ ಮತ್ತೆ ಎರಡು ವರ್ಷದವರೆಗೆ ವಿಸ್ತರಿಸಲು ಅವಕಾಶವಿದೆ. ಆ ಅರ್ಜಿಯನ್ನು ಅವಳು ಈಗಾಗಲೇ ತುಂಬಿಟ್ಟಿದ್ದಾಳೆ.