‘ಒಟ್ಟು ಎಷ್ಟು ಬೆಟ್ಟ ಆಯ್ತು?’

ಮನೆಗೆ ಬಂದವರು ಬಾಗಿಲ ಬಳಿ ನನ್ನ ಕೆಸರು ಮೆತ್ತಿದ ಶೂ ನೋಡಿ ಕೇಳುವುದು ಇದನ್ನೇ. ನನ್ನ ನೋಟ್‌ಬುಕ್ಕಿನ ಪ್ರಕಾರ 22. ಎಲ್ಲ ಕಡೆಗೂ ಜೊತೆಗೇ ಬಂದ ಗೆಳೆಯನ ಪ್ರಕಾರ 24. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಮೊದಲ ತಕರಾರು ಕುಮಾರ ಪರ್ವತದ್ದು. ಕುಕ್ಕೆಯಿಂದ ಹೊರಟು, ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ ಸಾರು ಉಂಡು, ಕಲ್ಲು ಮಂಟಪ ದಾಟಿ ಏರಿದರೆ ಮೊದಲು ಸಿಗುವುದು ಶೇಷ ಪರ್ವತ. ಅಲ್ಲಿಂದ ಕಾಡೊಳಗೆ ತುಸು ಇಳಿದು, ಜಾರುವ ಬಂಡೆ ಹತ್ತಿದರೆ 1,712 ಮೀಟರಿನ ನೆತ್ತಿ. ಅವನು ಎರಡು ಬೆಟ್ಟ ಅಂತಾನೆ, ನಾನು ಒಂದೇ ಅಂತೀನಿ. ಸ್ಕಾಟ್ಲೆಂಡಿನವರಿಗೆ ಈ ಜಗಳವಿಲ್ಲ. ಹ್ಯೂ ಮನ್ರೋ 1891ರಲ್ಲೇ 3,000 ಅಡಿ ಮೀರಿದ ಶಿಖರಗಳ ಪಟ್ಟಿ ಮಾಡಿ, ಬೆಟ್ಟ ಯಾವುದು, ಅದರ ಪಕ್ಕದ ಕೋಡು ಯಾವುದು ಅಂತ ಬೇರೆ ಮಾಡಿಟ್ಟರು. ತಿದ್ದುಪಡಿಯೆಲ್ಲ ಆಗಿ ಈಗ ಅಲ್ಲಿ ಲೆಕ್ಕ 282.

ಎರಡನೆಯದು ಮುಳ್ಳಯ್ಯನಗಿರಿ. 1,930 ಮೀಟರ್, ರಾಜ್ಯಕ್ಕೇ ಎತ್ತರ. ಆದರೆ ನಾವು ಹೋಗಿದ್ದು ಕಾರಲ್ಲಿ, ಹತ್ತಿದ್ದು ಮೆಟ್ಟಿಲು! ಅದನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೀನಿ.

‘ಆ್ಯಪ್ ಇದೆಯಲ್ಲ ಮಾರಾಯ’ ಅನ್ನುತ್ತಾರೆ. ಇದೆ. ಕುಮಾರ ಪರ್ವತದ ತುದಿಯಲ್ಲಿ ಒಂದು ಫೋನು 1,709 ಅಂತು, ಪಕ್ಕದ್ದು 1,624. ಜಿಪಿಎಸ್ ಎತ್ತರ ಅಳೆಯುವುದು ಭೂಮಿಯನ್ನು ನುಣುಪಾದ, ತುಸು ಚಪ್ಪಟೆ ಗೋಳ ಅಂದುಕೊಂಡು. ನಮ್ಮ ದಕ್ಷಿಣದ ಕಡೆ ನಿಜವಾದ ಸಮುದ್ರಮಟ್ಟ ಆ ಗೋಳದ ಮೇಲ್ಮೈಗಿಂತ 80 ಮೀಟರಿಗೂ ಹೆಚ್ಚು ಕೆಳಗಿದೆ. ಆ್ಯಪ್ ಅದನ್ನು ಸರಿಮಾಡದಿದ್ದರೆ ಬೆಟ್ಟ ಅಷ್ಟು ಕುಗ್ಗುತ್ತದೆ. ಊಟಕ್ಕೆ ಕೂತಾಗಲೂ ನಕ್ಷೆಯ ಚುಕ್ಕಿ ಅಲೆದಾಡಿ, ನಡೆಯದ ದೂರವನ್ನೂ ಸೇರಿಸಿಬಿಡುತ್ತದೆ. ದಾರಿಯ ಗೆರೆಗೆ ಮಾತ್ರ ನಾನು ಅದನ್ನು ನಂಬುವುದು.

ನೋಟ್‌ಬುಕ್ಕಿಗೆ ಹೋಗುವುದು ಗಂಟೆ, ನೀರು, ಜೊತೆಗಿದ್ದವರು. ‘ಗಿರಿಗದ್ದೆ 9.40. ಮಂಟಪದ ಹತ್ರ ನೀರು ಸಣ್ಣಗೆ. ಚಿಕ್ಕಪ್ಪನ ಮಗಳಿಗೆ ಮಂಡಿ ನೋವು, ಹತ್ತಿದ್ದಕ್ಕಿಂತ ಇಳಿಯೋಕೆ ಒಂದು ಗಂಟೆ ಜಾಸ್ತಿ.’ ಮುಂದಿನ ಸಲ ಅವಳು ಬಂದಾಗ ಆ ಕೊನೆಯ ಸಾಲು ನೋಡಿಯೇ ಕತ್ತಲಿರುವಾಗಲೇ ಹೊರಟೆವು.

ಪೆನ್ಸಿಲಿನ ಸಾಲು ಇನ್ನೂ ಹಾಗೇ ಇದೆ. ಮಳೆ ಬಿಟ್ಟಮೇಲೆ ಸರ್ಪದಾರಿ ಹಿಡಿದು ಕೆಳಗಿಂದ ಹತ್ತಬೇಕು. ಆಗ 23. ಶೇಷ ಪರ್ವತ ಮಾತ್ರ ನಾನು ಬಿಟ್ಟುಕೊಡೋದಿಲ್ಲ.