ಬಾಯಿ ಬಿಡುವ ಬಿ, ಬಾಯಿ ಮುಚ್ಚಿದ ಎಲ್

ನಮ್ಮ ಅಂಗಡಿಗೆ ಬರುವ ಪ್ಲಂಬರ್‌ಗಳೆಲ್ಲ ಪ್ಲಂಬರ್‌ಗಳೇ. ಪ್ಲಮರ್ ಅಂತ ಹೇಳಿಕೊಂಡು ಇದುವರೆಗೆ ಒಬ್ಬನೂ ಬಂದಿಲ್ಲ. ಇಂಗ್ಲಿಷಿನವರ ಲೆಕ್ಕದಲ್ಲಿ ಆ ಪದದಲ್ಲಿರುವ ಬಿ ಬಾಯಿ ಬಿಡಕೂಡದು. ಹಾಸನದಲ್ಲಿ ಅದು ರಸ್ತೆಯ ಆಚೆ ಬದಿಗೂ ಕೇಳಿಸುತ್ತದೆ. ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ಕೆಲಸಕ್ಕಿರುವ ನನ್ನ ತಂಗಿ ಮಗಳಿಗೆ ಇದನ್ನು ಕೇಳಿದರೆ ಮೈ ಉರಿಯುತ್ತದೆ. ಹಬ್ಬಕ್ಕೆ ಬಂದಾಗ ಗಲ್ಲಾ ಪಕ್ಕದ ಸ್ಟೂಲಿನಲ್ಲಿ ಕೂತು, "ಮಾವ, ಪ್ಲಮರ್ ಅನ್ನಿ. ಬಿ ಸೈಲೆಂಟು" ಅನ್ನುತ್ತಾಳೆ. ಆಯ್ತಮ್ಮ ಅನ್ನುತ್ತೇನೆ. ಅಷ್ಟರಲ್ಲಿ ಒಬ್ಬ ಬಂದು "ಪ್ಲಂಬರ್ ಯಾರಾದ್ರೂ ಇದ್ರೆ ನಂಬರ್ ಕೊಡಿ ಸಾರ್" ಅಂತಾನೆ.

ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತವನಿಗೆ ಇಂಥ ವಿಷಯ ಸಿಕ್ಕರೆ ಮಧ್ಯಾಹ್ನ ಕಳೆದದ್ದೇ ತಿಳಿಯುವುದಿಲ್ಲ. ಒಂದು ಸಂಗತಿ ಗಮನಿಸಿ. ನಾಬ್, ಪೈಪ್ ರೆಂಚ್, ರಾಟ್ ಐರನ್ ಗೇಟು: ಈ ಮೂರರ ಸ್ಪೆಲ್ಲಿಂಗಿನಲ್ಲೂ ಶುರುವಿಗೇ ಒಂದು ಮೂಕ ಅಕ್ಷರವಿದೆ. ಆದರೆ ನಮ್ಮಲ್ಲಿ ಯಾರೂ ಕ್ನಾಬ್ ಅನ್ನುವುದಿಲ್ಲ, ವ್ರೆಂಚ್ ಕೊಡಿ ಅನ್ನುವುದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಸ್ತ್ರಿಯೂ ಇವನ್ನು ಲಂಡನ್ನಿನವರಷ್ಟೇ ಸರಿಯಾಗಿ ಹೇಳುತ್ತಾನೆ. ಹಾಗಾದರೆ ಪ್ಲಂಬರ್ ಒಂದಕ್ಕೆ ಯಾಕೆ ಹೀಗೆ? ನನಗೆ ಕಾಣುವುದು ಇಷ್ಟು: ಕೆಲವು ಪದ ನಮಗೆ ಕಿವಿಯಿಂದ ಬಂದವು, ಕೆಲವು ಕಣ್ಣಿನಿಂದ. ರೆಂಚು ಒಬ್ಬ ಮೆಕ್ಯಾನಿಕ್‌ನ ಬಾಯಿಂದ ಇನ್ನೊಬ್ಬನ ಕಿವಿಗೆ ದಾಟಿಕೊಂಡು ಬಂತು. ಪ್ಲಂಬರನ್ನು ಬೋರ್ಡಿನ ಮೇಲೆ ಓದಿದೆವು. ಮಿಲಿಟರಿಯ ಕರ್ನಲ್‌ನ ಸ್ಪೆಲ್ಲಿಂಗಿನಲ್ಲಿ ಆರ್ ಎಂಬುದೇ ಇಲ್ಲ, ಎಲ್ ಎರಡಿವೆ. ಆದರೂ ಕನ್ನಡದಲ್ಲಿ ಕರ್ನಲ್ ಎಂದೇ ಬರೆಯುತ್ತೇವೆ. ಅದು ಶುದ್ಧ ಕಿವಿಯ ಪದ.

ಪ್ಲಂಬರಿನ ಬೇರು ಲ್ಯಾಟಿನ್ನಿನ ಪ್ಲಂಬಂ, ಅಂದರೆ ಸೀಸ. ಕೆಮಿಸ್ಟ್ರಿಯಲ್ಲಿ ಸೀಸಕ್ಕೆ ಪಿಬಿ ಅಂತ ಬರೆಯುವುದೂ ಅದಕ್ಕೇ. ರೋಮನ್ನರು ನೀರಿನ ಪೈಪು ಮಾಡುತ್ತಿದ್ದದ್ದು ಸೀಸದಲ್ಲಿ. ಹಾಗಾಗಿ ಈ ಬಿ ಎಲ್ಲಿಂದಲೋ ಬಂದು ಸೇರಿಕೊಂಡದ್ದಲ್ಲ, ಹುಟ್ಟಿನಿಂದಲೇ ಇದ್ದದ್ದು. ಹೆಬ್ಬೆರಳಿನ ಥಂಬ್ ಇದೆಯಲ್ಲ, ಅದರ ಬಿ ಹಾಗಲ್ಲ. ಹಳೆಯ ಇಂಗ್ಲಿಷಿನಲ್ಲಿ ಅಲ್ಲಿ ಬಿ ಇರಲೇ ಇಲ್ಲ. ಆಮೇಲೆ ಯಾರೋ ಬಾಲಕ್ಕೆ ಅಂಟಿಸಿದರು.

ಇದೆಲ್ಲ ತಲೆಗೆ ಹೊಕ್ಕದ್ದು ಪಕ್ಕದ ಮಳಿಗೆಯ ಹುಡುಗನಿಂದ. ಮಿಕ್ಸಿ, ಟಿವಿ, ಪಂಪ್‌ಸೆಟ್ಟಿನ ಸ್ಟಾರ್ಟರ್ ಎಲ್ಲ ರಿಪೇರಿ ಮಾಡುತ್ತಾನೆ. ಐಟಿಐ ಓದಿದ್ದಾನೆ, ಮಿಕ್ಕಿದ್ದನ್ನು ಯೂಟ್ಯೂಬಿನಲ್ಲಿ ಕಲಿಯುತ್ತಾನೆ. ಒಂದು ದಿನ ಬಂದು, "ಅಣ್ಣ, ಸಾಡರ್ ಅಂತ ಏನಾದ್ರೂ ಬರುತ್ತಾ? ಹೊಸಾ ಐಟಮ್ ಇರ್ಬೇಕು" ಅಂದ. ನನಗೂ ತಿಳಿಯಲಿಲ್ಲ. ವಿಡಿಯೊ ತೋರಿಸು ಅಂದೆ. ಒಬ್ಬ ಅಮೆರಿಕದವನು ಸರ್ಕ್ಯೂಟ್ ಬೋರ್ಡನ್ನು ಹಿಡಿಕೆಗೆ ಸಿಕ್ಕಿಸಿಕೊಂಡು, ಐರನ್ನಿನ ಮೊನೆಗೆ ತಂತಿ ಮುಟ್ಟಿಸಿದ. ಹೊಗೆ ಎದ್ದಿತು, ಬೆಳ್ಳಿ ಬಣ್ಣದ ಹನಿಯೊಂದು ಪಿನ್ನಿನ ಸುತ್ತ ಹರಡಿಕೊಂಡಿತು. ಬಾಯಲ್ಲಿ ಮಾತ್ರ ಸಾಡರ್, ಸಾಡರ್. ವೈರು ಬೆಸೆಯೋ ನಮ್ಮ ಸೋಲ್ಡರೇ ಕಣಯ್ಯ, ಎಲ್ ನುಂಗಿದ್ದಾನೆ ಅಷ್ಟೆ ಅಂದೆ. ಅವನು ನಂಬಲಿಲ್ಲ. ಬೇರೆ ಬ್ರ್ಯಾಂಡ್ ಇರಬೇಕು ಅಂತ ವಾದ.

ಬ್ರಿಟನ್ನಿನವರು ಸೋಲ್ಡರ್ ಅನ್ನುತ್ತಾರೆ, ಎಲ್ ಸಮೇತ. ಅಮೆರಿಕದವರು ಸಾಡರ್. ಈ ಪದ ಫ್ರೆಂಚಿನಿಂದ ಬಂದಾಗ ಅದರಲ್ಲಿ ಎಲ್ ಇರಲಿಲ್ಲ. ಫ್ರೆಂಚಿನಲ್ಲಿ ಬೆಸೆಯುವುದಕ್ಕೆ ಇವತ್ತಿಗೂ ಸೂದೆ ಎನ್ನುತ್ತಾರೆ. ಮುಂದೆ ಇಂಗ್ಲಿಷ್ ಪಂಡಿತರು ಲ್ಯಾಟಿನ್ ಮೂಲ ಹುಡುಕಿ, ಅಲ್ಲಿ ಎಲ್ ಇದೆಯಲ್ಲ ಅಂತ ಸ್ಪೆಲ್ಲಿಂಗಿಗೆ ಸೇರಿಸಿದರು. ಬ್ರಿಟನ್ನಿನವರು ಬರೆದದ್ದನ್ನು ನೋಡಿ ನಾಲಿಗೆ ತಿದ್ದಿಕೊಂಡರು. ಅಮೆರಿಕದವರ ಬಾಯಲ್ಲಿ ಹಳೆಯದೇ ಉಳಿಯಿತು. ಅಂದರೆ, ಅಕ್ಷರ ನುಂಗಿದವನೇ ಇಲ್ಲಿ ಹಳೆಯ ಸಂಪ್ರದಾಯಸ್ಥ! ಫಾಲ್ಟ್ ಪದಕ್ಕೂ ಹೀಗೇ ಆಯಿತು. ಹದಿನೆಂಟನೇ ಶತಮಾನದ ಕವಿ ಪೋಪ್ ಫಾಲ್ಟ್‌ಗೆ ಥಾಟ್ ಎಂದು ಪ್ರಾಸ ಹಾಕಿದ್ದಾನೆ, ಎಲ್ ಉಚ್ಚರಿಸಿದರೆ ಪ್ರಾಸ ಕೂಡುವುದಿಲ್ಲ. ಸಾಮನ್ ಮೀನಿಗೂ ಎಲ್ ಅಂಟಿಸಿದರು, ಅದು ಮಾತ್ರ ಬಾಯಿಗೆ ಇಳಿಯಲೇ ಇಲ್ಲ. ಒಂದಕ್ಕೆ ಒಂದು ನ್ಯಾಯ.

ನನ್ನ ಉದ್ರಿ ಪುಸ್ತಕದಲ್ಲಿರುವ ಸಾಲಕ್ಕೆ ಇಂಗ್ಲಿಷಿನಲ್ಲಿ ಅನ್ನುವ ಡೆಟ್ ಕೂಡ ಅದೇ ಪಂಡಿತರ ಕೈಚಳಕ. ಫ್ರೆಂಚಿನಿಂದ ಬಿ ಇಲ್ಲದೆಯೇ ಬಂದಿತ್ತು. ಲ್ಯಾಟಿನ್ ನೆನಪಿಗೆ ಒಂದು ಬಿ ಸೇರಿಸಿದರು. ಡೌಟ್‌ಗೂ ಸೇರಿಸಿದರು. 1598ರಲ್ಲಿ ಅಚ್ಚಾದ ಷೇಕ್ಸ್‌ಪಿಯರ್‌ನ ಲವ್ಸ್ ಲೇಬರ್ಸ್ ಲಾಸ್ಟ್ ನಾಟಕದಲ್ಲಿ ಹೋಲೋಫರ್ನಿಸ್ ಎಂಬ ಮೇಷ್ಟ್ರೊಬ್ಬ ಬರುತ್ತಾನೆ. ಜನ ಡೆಟ್, ಡೌಟ್ ಎನ್ನುವಾಗ ಬಿ ಬಿಡುತ್ತಾರೆ, ಕಾಫ್ (ಅಂದರೆ ಕರು) ಮತ್ತು ಹಾಫ್ ಎನ್ನುವಾಗ ಎಲ್ ಬಿಡುತ್ತಾರೆ ಅಂತ ಹಲ್ಲು ಕಡಿಯುತ್ತಾನೆ. ಷೇಕ್ಸ್‌ಪಿಯರ್ ಅವನನ್ನು ಕೋಡಂಗಿ ಮಾಡಿ ನಗಿಸಿದ್ದಾನೆ. ಆ ಮೇಷ್ಟ್ರು ನಮ್ಮ ಜಿಲ್ಲೆಯ ಯಾವುದಾದರೂ ಕನ್ನಡ ಮೀಡಿಯಂ ಶಾಲೆಗೆ ಬಂದು, ಎಂಟನೇ ಕ್ಲಾಸಿನ ಮಕ್ಕಳು ಡೆಬ್ಟ್, ಹಾಲ್ಫ್ ಅಂತ ಬಿಡಿಸಿ ಬಿಡಿಸಿ ಓದುವುದನ್ನು ಕೇಳಿದ್ದರೆ ಕಣ್ಣೀರು ಹಾಕಿಕೊಂಡು ತಬ್ಬಿಕೊಳ್ಳುತ್ತಿದ್ದ.

ಆಗಾಗ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಆಫನ್ನೋ ಆಫ್ಟನ್ನೋ ಎಂಬ ಜಗಳ ಎಲ್ಲರಿಗೂ ಗೊತ್ತಿರುವುದೇ. ಟಿ ಉಚ್ಚರಿಸುವವರನ್ನು 1926ರಲ್ಲೇ ಫೌಲರ್ ಎಂಬ ಪಂಡಿತ ಇಂಗ್ಲಿಷ್ ಬಳಕೆಯ ಕುರಿತ ತನ್ನ ನಿಘಂಟಿನಲ್ಲಿ ಹಂಗಿಸಿದ್ದ. ಈಗ ಎರಡನ್ನೂ ನಿಘಂಟುಗಳು ಒಪ್ಪಿವೆ. ತಂಗಿ ಮಗಳ ಟ್ರೇನರ್ ಒಪ್ಪಿಲ್ಲ.

"ನಮ್ದೇನಿದ್ರೂ ಬರೆದ ಹಾಗೆ ಓದೋ ಭಾಷೆ" ಅಂತ ನಾವು ಬೀಗುತ್ತೇವೆ. ಅದೂ ಪೂರ್ತಿ ನಿಜವಲ್ಲ. ಮಳೆ ಬರುತ್ತದೆ ಅಂತ ಬರೆಯುವ ನಮ್ಮೂರಿನವರು ಬಾಯಲ್ಲಿ ಮಳೆ ಬತ್ತದೆ ಅನ್ನುತ್ತೇವೆ. ರಕಾರ ಎಲ್ಲಿ ಹೋಯಿತು? ಇನ್ನು ಹಕಾರದ ಕಥೆ ಕೇಳಲೇಬೇಡಿ. ಹಾಸನ ಆಸ್ನ, ಹಾಲು ಆಲು. ಹಳಗನ್ನಡದಲ್ಲಿ ಅದು ಪಾಲ್. ಪಕಾರ ಹಕಾರವಾಗಲು ಶುರುವಾಗಿ ಸುಮಾರು ಸಾವಿರ ವರ್ಷವಾಯಿತು. ನಮ್ಮ ಕಡೆಯವರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಹಕಾರವನ್ನೂ ಇಳಿಸಿಬಿಟ್ಟರು. ಶಾಲೆಯಲ್ಲಿ ಇದಕ್ಕೆ ಬೆತ್ತದ ಏಟು ಬೀಳುತ್ತಿತ್ತು. ಹರ್ಬ್ ಅನ್ನುವ ಸೊಪ್ಪುಸದೆಯ ಪದವನ್ನು ಅಮೆರಿಕದವರು ಅರ್ಬ್ ಅನ್ನುತ್ತಾರೆ. ಬ್ರಿಟನ್ನಿನವರೂ ಹತ್ತೊಂಬತ್ತನೇ ಶತಮಾನದವರೆಗೆ ಹಾಗೇ ಅನ್ನುತ್ತಿದ್ದರು. ಅವರಿಗೆ ಯಾರೂ ಬೆತ್ತ ತೋರಿಸಲಿಲ್ಲ. ಲಂಡನ್ನಿನ ಕೂಲಿಕಾರರು ಹೌಸ್‌ಗೆ ಔಸ್ ಅಂದರೆ ಮಾತ್ರ ನಗು. ಯಾವ ಅಕ್ಷರ ನುಂಗಿದರು ಅನ್ನುವುದಕ್ಕಿಂತ, ನುಂಗಿದವರು ಯಾರು ಅಂತ ನೋಡಿಯೇ ಜನ ನಗುವುದು. ನಮ್ಮಲ್ಲೂ ಅಷ್ಟೆ.

ಇಷ್ಟಾಗಿ, ಎಚ್ ಎಂಬ ಅಕ್ಷರದ ಹೆಸರಿನಲ್ಲೇ ಹಕಾರ ಇಲ್ಲ. ಬ್ರಿಟನ್ನಿನಲ್ಲಿ ಎಚ್ ಸರಿ, ಹೆಚ್ ಅಂದರೆ ಮೂಗು ಮುರಿಯುತ್ತಾರೆ. ಐರ್ಲೆಂಡಿನಲ್ಲಿ ಹೆಚ್ಚಾಗಿ ಹೆಚ್ಚೇ. ಉತ್ತರ ಐರ್ಲೆಂಡಿನಲ್ಲಂತೂ ಎಚ್ ಅಂದರೆ ಪ್ರಾಟೆಸ್ಟೆಂಟ್, ಹೆಚ್ ಅಂದರೆ ಕ್ಯಾಥೊಲಿಕ್ ಅಂತ ಅಂದಾಜು ಹಾಕುತ್ತಿದ್ದರು. ನಮ್ಮಲ್ಲಿ ಇದಕ್ಕೆ ಜಾತಿಯೂ ಇಲ್ಲ, ನೀತಿಯೂ ಇಲ್ಲ. ನಮ್ಮ ಜಿಲ್ಲೆಯವರೇ ಆದ ದೇವೇಗೌಡರ ಇನಿಷಿಯಲ್ ಒಂದು ಕಡೆ ಎಚ್.ಡಿ., ಇನ್ನೊಂದು ಕಡೆ ಹೆಚ್.ಡಿ. ಆ ಎಚ್ ಅವರ ಊರು ಹರದನಹಳ್ಳಿಯದು.

ನನ್ನ ಗಿರಾಕಿಗಳದ್ದು ಇನ್ನೂ ಸ್ವಾರಸ್ಯ. ಬಾಗಿಲಿನ ಹಿಂಜಸ್ಸು ಅವರ ಬಾಯಲ್ಲಿ ಇಂಜಸ್ಸು, ಬಲ್ಬಿನ ಹೋಲ್ಡರು ಓಲ್ಡ್ರು, ಹ್ಯಾಂಡಲ್ಲು ಆಂಡ್ಲು. ಹಕಾರ ಇರುವ ಕಡೆಯೆಲ್ಲ ಬಿಡುತ್ತಾರೆ. ಆಲೂಗಡ್ಡೆ ಹೊಲಕ್ಕೆ ಸ್ಪ್ರಿಂಕ್ಲರ್ ಹಾಕಿಸುವ ಹೊತ್ತಿಗೆ ಅದೇ ಮನುಷ್ಯ ಬಂದು, "ಅಣ್ಣ, ಹೆಚ್‌ಡಿಪಿ ಪೈಪು ಐತಾ?" ಅಂತಾನೆ. ಎಚ್‌ಡಿಪಿಇ ಅನ್ನುವ ಪ್ಲಾಸ್ಟಿಕ್ ಪೈಪಿನ ಹೆಸರಿಗೆ ಹಕಾರ ಬೇಡದ ಕಡೆ ಗಟ್ಟಿಯಾಗಿ ಹಾಕಿ, ಕೊನೆಯ ಇ ಒಂದನ್ನು ನುಂಗಿರುತ್ತಾನೆ. ಇದ್ಯಪ್ಪ, ಎಷ್ಟು ಇಂಚಿಂದು ಬೇಕು ಅಂತ ಕೇಳಿ ಬಿಲ್ ಬರೆಯುತ್ತೇನೆ.