ಹಕ್ಕಿ ಹೇಳಿತಂತೆ

ಸುದ್ದಿ ಯಾರಿಂದ ಬಂತು ಅಂತ ಬಾಯಿಬಿಡಲು ಇಷ್ಟವಿಲ್ಲದಿದ್ದರೆ ಇಂಗ್ಲಿಷಿನವರು ಒಂದು ಪುಟ್ಟ ಹಕ್ಕಿಯ ಹೆಸರು ಹೇಳುತ್ತಾರೆ. 'ಎ ಲಿಟಲ್ ಬರ್ಡ್ ಟೋಲ್ಡ್ ಮಿ.' ಮಕ್ಕಳ ಚಿತ್ರಪುಸ್ತಕವೊಂದನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸ ನನ್ನ ಕೈಯಲ್ಲಿತ್ತು. ಅದರಲ್ಲಿ ಅಜ್ಜ ಮೊಮ್ಮಗಳಿಗೆ ಈ ಮಾತು ಹೇಳುತ್ತಾನೆ. ನಾಳೆ ಅವಳ ಹುಟ್ಟುಹಬ್ಬ, ಅದನ್ನು ಅವನಿಗೆ ಹೇಳಿದ್ದು ಹಕ್ಕಿ. ಉಳಿದ ಪುಟಗಳೆಲ್ಲ ಮುಗಿದಿದ್ದವು. ಈ ಒಂದು ಸಾಲು ಮಾತ್ರ ಮುಂದೆ ಹೋಗಲು ಬಿಡಲಿಲ್ಲ.

ಕನ್ನಡದಲ್ಲಿ ಇದಕ್ಕೆ ಮಾತಿಲ್ಲ ಅಂತಲ್ಲ, ಬೇಕಾದಷ್ಟಿವೆ. 'ಗೋಡೆಗೂ ಕಿವಿ ಇದೆ' ಅನ್ನಬಹುದು, ಆದರೆ ಅದು ಹುಷಾರು ಅಂತ ಹೆದರಿಸುವ ಮಾತು. 'ಗಾಳಿಸುದ್ದಿ' ಅಂದರೆ ಅರ್ಧ ಸುಳ್ಳು ಅಂತಲೇ ಲೆಕ್ಕ. 'ವಾಸನೆ ಹತ್ತಿತು' ಅಂದರೆ ಅಜ್ಜ ಪೊಲೀಸರವನಾಗಿಬಿಡುತ್ತಾನೆ. 'ಕಿವಿಗೆ ಬಿತ್ತು' ಪರವಾಗಿಲ್ಲ, ಆದರೆ ಅದರಲ್ಲಿ ತುಂಟತನ ಇಲ್ಲ. ಇದರ ಮೇಲೆ ಇನ್ನೊಂದು ತಾಪತ್ರಯ. ಚಿತ್ರದಲ್ಲಿ ಕಿಟಕಿ ಮೇಲೆ ನಿಜವಾಗಿ ಒಂದು ಹಳದಿ ಹಕ್ಕಿ ಕೂತಿದೆ. ಅದನ್ನು ಓಡಿಸುವ ಹಾಗಿಲ್ಲ.

ಆಗ ನಾನು ತೀರ್ಥಹಳ್ಳಿ ಹತ್ತಿರ ದೊಡ್ಡಮ್ಮನ ಮನೆಯಲ್ಲಿದ್ದೆ. ಅಡಿಕೆ ಕೊಯ್ಲು ಜೋರಾಗಿತ್ತು. ಆ ಮನೆಯಲ್ಲಿ ಕೂತರೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಗೇಟು ದಾಟಿ, ಏರು ಹತ್ತಿ, ರಸ್ತೆಯ ಮೋರಿ ಕಟ್ಟೆ ಮೇಲೆ ಕೂರಬೇಕು. ಊರಿನವರೆಲ್ಲ ಫೋನ್ ಮಾಡುವುದು ಅಲ್ಲಿಂದಲೇ. ಮಗನ ಫೀಸು, ಹೆಂಡತಿ ಜೊತೆ ಜಗಳ, ಬ್ಯಾಂಕಿನ ಸಾಲ, ಎಲ್ಲ ಆ ಕಟ್ಟೆ ಮೇಲೆಯೇ ಇತ್ಯರ್ಥ. ಬೆಟ್ಟದ ಊರಲ್ಲಿ ಗಟ್ಟಿಯಾಗಿ ಮಾತಾಡಿದರೆ ಎಷ್ಟು ದೂರ ಕೇಳುತ್ತದೆ ಅಂತ ಅಲ್ಲಿ ಕೂತವರಿಗೆ ನೆನಪೇ ಇರುವುದಿಲ್ಲ.

ಅದೇ ಪುಸ್ತಕವನ್ನು ಬೇರೆ ಭಾಷೆಗಳಿಗೆ ಮಾಡುತ್ತಿದ್ದ ಗೆಳತಿಯರಿಗೆ ಮೋರಿ ಮೇಲಿಂದ ಫೋನ್ ಮಾಡಿದೆ. ಹಿಂದಿಯವಳಿಗೆ ಕಷ್ಟವೇ ಆಗಿರಲಿಲ್ಲ. ಅವರಲ್ಲಿ 'ಉಡ್ತೀ ಖಬರ್' ಇದೆ. ಹಾರುವ ಸುದ್ದಿ, ರೆಕ್ಕೆ ಇದೆ, ಹಕ್ಕಿ ಇಲ್ಲ. ಮರಾಠಿಯವಳು 'ಕುಣಕುಣ ಲಾಗಲಿ' ಅಂದಳು. ಗುಸುಗುಸು ಮಾತಿನ ಸುಳಿವು ಹತ್ತಿತು ಅನ್ನುವ ಹಾಗೆ. ತಮಿಳಿನಲ್ಲಿ ಹಕ್ಕಿ ಇದೆ, ಆದರೆ ಅದು ಮನಸ್ಸಿನೊಳಗೆ ಕೂತಿದೆ. 'ಪಟ್ಚಿ ಸೊಲ್ಲುದು' ಅಂದರೆ ನನ್ನ ಒಳಮನಸ್ಸು ಹೇಳ್ತಿದೆ ಅಂತ, ಯಾರೋ ಬಂದು ಹೇಳಿದ್ದು ಅಂತ ಅಲ್ಲ. ಫ್ರೆಂಚರದ್ದು ಇನ್ನೂ ಮಜಾ. ಅವರಿಗೆ ಗುಟ್ಟು ಹೇಳುವುದು ಕಿರುಬೆರಳು. ರಷ್ಯನ್ನರಿಗೆ ಒಂದು ಜಾತಿಯ ಹಕ್ಕಿ ಸುದ್ದಿಯನ್ನು ಬಾಲದ ಮೇಲೆ ಹೊತ್ತು ತರುತ್ತದೆ.

ಈ ಹಕ್ಕಿಯ ಮೂಲ ಹುಡುಕಿದರೆ ಬೈಬಲ್ ಸಿಗುತ್ತದೆ. ಪ್ರಸಂಗಿ ಅನ್ನುವ ಭಾಗದ 10ನೇ ಅಧ್ಯಾಯದ 20ನೇ ವಚನ. ಮನಸ್ಸಿನಲ್ಲೂ ಅರಸನನ್ನು ಬೈಯಬೇಡ, ಮಲಗುವ ಕೋಣೆಯಲ್ಲೂ ಸಾಹುಕಾರನನ್ನು ಬೈಯಬೇಡ, ಆಕಾಶದ ಹಕ್ಕಿ ನಿನ್ನ ಮಾತನ್ನು ಹೊತ್ತುಕೊಂಡು ಹೋದೀತು ಅನ್ನುವುದು ಅದರ ತಾತ್ಪರ್ಯ. ಅರಸನ ಗೂಢಚಾರನ ಕೆಲಸ ಮಾಡುತ್ತಿದ್ದ ಹಕ್ಕಿ ಈಗ ಹುಟ್ಟುಹಬ್ಬದ ಸುದ್ದಿ ತರುತ್ತಿದೆ. ಬಡ್ತಿಯೋ ಹಿಂಬಡ್ತಿಯೋ ಗೊತ್ತಿಲ್ಲ.

ಸಂಜೆ ಚಪ್ಪರದ ಕೆಳಗೆ ಅಡಿಕೆ ಸುಲಿಯಲು ಕೂತಾಗ ಇದನ್ನೆಲ್ಲ ಅಲ್ಲಿದ್ದವರ ಮುಂದೆ ಇಟ್ಟೆ. ಅಡಿಕೆ ಸುಲಿಯುವುದನ್ನು ನೋಡದವರಿಗೆ ಒಂದು ಮಾತು. ಮಣೆಗೆ ಹೊಡೆದ ಮೆಟ್ಟುಗತ್ತಿ ಮೇಲ್ಮುಖವಾಗಿ ನಿಂತಿರುತ್ತದೆ. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಹಸಿರು ಕಾಯಿಯನ್ನು ಕತ್ತಿಗೆ ಒತ್ತಿ, ಸಿಪ್ಪೆ ಸೀಳಿ, ಕೈ ಒಂಚೂರು ತಿರುವಿದರೆ ಒಳಗಿನ ಬೇಳೆ ಟಕ್ಕೆಂದು ಬುಟ್ಟಿಗೆ ಬೀಳುತ್ತದೆ. ಅಭ್ಯಾಸ ಇದ್ದವರು ಕತ್ತಿ ಕಡೆ ನೋಡುವುದೇ ಇಲ್ಲ. ಬೆರಳೆಲ್ಲ ಕಪ್ಪು ಕರೆ. ಕಣ್ಣಿಗೆ, ಬಾಯಿಗೆ ಬೇರೆ ಕೆಲಸ ಇಲ್ಲವಾದ್ದರಿಂದ ಊರ ಸುದ್ದಿಯೆಲ್ಲ ಅಲ್ಲೇ ಸಿಪ್ಪೆ ಬಿಡುತ್ತದೆ. ಈಗ ಸುಲಿಯುವ ಯಂತ್ರ ಬಂದಿದೆ. ಅದರ ಸದ್ದಿನಲ್ಲಿ ಮಾತು ಕೇಳುವುದಿಲ್ಲ ಅನ್ನುವುದೇ ದೊಡ್ಡಮ್ಮನಿಗೆ ಅದರ ಮೇಲಿರುವ ದೊಡ್ಡ ದೂರು.

ಮೂರನೆಯವನ ಕಿವಿಗೆ ಬಿದ್ದರೆ ಗುಟ್ಟು ಒಡೆಯಿತು ಅಂತ ಪಂಚತಂತ್ರದಲ್ಲಿ ಇದೆಯಲ್ಲ, ಆರು ಕಿವಿಯ ಮಾತು ಅಂತ. ಆ ಚಪ್ಪರದಲ್ಲಿ ಕಿವಿಗಳ ಲೆಕ್ಕ ಇಟ್ಟವರಾರು!

"ಹಕ್ಕಿ ನುಡಿಯೋದು ನಮ್ಮಲ್ಲೂ ಇದೆಯಲ್ಲ," ಅಂದರು ಸುಲಿಯಲು ಬಂದಿದ್ದ ಒಬ್ಬರು ಹಿರಿಯರು. "ಬುಡಬುಡಿಕೆಯವನಿಗೆ ಹಾಲಕ್ಕಿ ಹೇಳೋದಿಲ್ವಾ?"

ನನಗೆ ಹೊಳೆದೇ ಇರಲಿಲ್ಲ. ಬೆಳಕು ಹರಿಯುವ ಮೊದಲೇ ತಲೆಗೆ ರುಮಾಲು ಸುತ್ತಿ, ಪುಟ್ಟ ಬುಡಬುಡಿಕೆ ಆಡಿಸುತ್ತ ಬಾಗಿಲಲ್ಲಿ ನಿಂತು, 'ಹಾಲಕ್ಕಿ ನುಡೀತೈತೆ, ಶುಭ ನುಡೀತೈತೆ' ಅಂತ ಮನೆಯವರ ಭವಿಷ್ಯ ಹೇಳುವವನು. ರಾತ್ರಿ ಹಕ್ಕಿ ತನಗೆ ಹೇಳಿದ್ದನ್ನೇ ಬೆಳಿಗ್ಗೆ ನಮಗೆ ಹೇಳುತ್ತಿದ್ದೇನೆ ಅನ್ನುವುದು ಅವನ ವಾದ. ಗುಟ್ಟು ತಿಳಿದಿದೆ, ಹೇಳಿದವರು ಮನುಷ್ಯರಲ್ಲ. ಬೇಕಾದ್ದು ಇದೇ ತಾನೇ? ಖುಷಿಯಿಂದ 'ಹಾಲಕ್ಕಿ ನುಡೀತು' ಅಂತ ಮನಸ್ಸಿನಲ್ಲೇ ಬರೆದುಕೊಂಡೆ.

ದೊಡ್ಡಮ್ಮ ಒಂದೇ ಮಾತಿಗೆ ಅದನ್ನು ಹೊಡೆದು ಹಾಕಿದರು. "ಹಾಲಕ್ಕಿ ಅಂದ್ರೆ ಎಂತ ಅಂತ ಮಾಡಿದ್ದೆ? ಅದೂ ಗೂಬೆ ಜಾತಿನೇ ಮಾರಾಯ್ತಿ. ಹುಟ್ಟುಹಬ್ಬದ ಹಿಂದಿನ ದಿನ ಕೂಸಿನ ತಲೆ ಮೇಲೆ ಗೂಬೆ ಕೂರಿಸ್ತೀಯಾ?"

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಚಿತ್ರದಲ್ಲಿರುವ ಹಳದಿ ಹಕ್ಕಿಗೂ ಗೂಬೆಗೂ ಎತ್ತಣ ಸಂಬಂಧ. ಕೈಬಿಟ್ಟೆ.

ನಗು ನಿಲ್ಲುವ ಮೊದಲೇ ಆ ಹಿರಿಯರು ತಲೆ ಎತ್ತದೆ ಕೇಳಿದರು, "ತಂಗಿ, ನೀವು ಬೆಂಗಳೂರಿನ ಕೆಲಸ ಬಿಡ್ತೀರಂತೆ?"

ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇನ್ನೂ ತೀರ್ಮಾನವೂ ಆಗಿರಲಿಲ್ಲ. "ಯಾರು ಹೇಳಿದ್ರು?" ಅಂದೆ.

"ಯಾರೂ ಹೇಳ್ಲಿಲ್ಲಪ್ಪ. ಹಂಗಂತೆ."

ಎಲ್ಲರ ತಲೆಯೂ ಮೆಟ್ಟುಗತ್ತಿ ಕಡೆ ಬಗ್ಗಿತ್ತು. ಅಷ್ಟು ಹೊತ್ತು ಕತ್ತಿ ನೋಡದವರೆಲ್ಲ ಈಗ ಅದನ್ನೇ ನೋಡುತ್ತಿದ್ದರು.

ನನ್ನ ಸಂಕಟ ಒಂದು ಕಡೆ. ಇನ್ನೊಂದು ಕಡೆ, ನಾನು ಹುಡುಕುತ್ತಿದ್ದುದು ಕಣ್ಣೆದುರೇ ಬಿದ್ದಿತ್ತು. ನಮಗೆ ಹಕ್ಕಿ ಯಾಕೆ ಬೇಕು? 'ಅಂತೆ' ಇದೆಯಲ್ಲ. ಕ್ರಿಯಾಪದದ ಬಾಲಕ್ಕೆ ಅದನ್ನು ಅಂಟಿಸಿದರೆ ಆಯಿತು. ಹೇಳಿದವರು ಯಾರು ಅನ್ನುವುದು ಮಾಯ, ಹೇಳಿದ್ದಂತೂ ಹೇಳಿಯಾಯಿತು. ನಾನು ಹೇಳಿದ್ದಲ್ಲಪ್ಪ, ಸುಳ್ಳಾದರೆ ನನ್ನನ್ನು ಕೇಳಬೇಡಿ ಅನ್ನುವುದೂ ಅದರಲ್ಲೇ ಸೇರಿದೆ. 'ಹುಡುಗಿ ನೋಡೋಕೆ ಹೋಗಿದ್ರಂತೆ.' 'ತೋಟ ಮಾರ್ತಾರಂತೆ.' ಇಂಗ್ಲಿಷಿನಲ್ಲಿ ಇದನ್ನು ಹೇಳಲು ಒಂದು ಇಡೀ ವಾಕ್ಯ ಬೇಕು, ಅದರೊಳಗೆ ಒಂದು ಹಕ್ಕಿಯೂ ಬೇಕು. ನಾವು ಎರಡೇ ಅಕ್ಷರದಲ್ಲಿ ಮುಗಿಸುತ್ತೇವೆ. ಅತಿಯಾದಾಗ ನಾವೇ ಅದನ್ನು 'ಅಂತೆ ಕಂತೆ' ಅಂತ ಗೇಲಿ ಮಾಡುತ್ತೇವೆ, ಅದು ಬೇರೆ ವಿಷಯ.

ವ್ಯತ್ಯಾಸ ಒಂದಿದೆ. ಇಂಗ್ಲಿಷಿನ ಹಕ್ಕಿ ಹೇಳಿದವರನ್ನು ನಿಜವಾಗಿಯೂ ಅಡಗಿಸಬಹುದು. ನಮ್ಮ ಊರಿನ 'ಅಂತೆ' ಅಡಗಿಸುವುದು ಮರ್ಯಾದೆಗೆ ಮಾತ್ರ. ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ರಾತ್ರಿ ಊಟಕ್ಕೆ ಬಡಿಸುವಾಗ ದೊಡ್ಡಮ್ಮನೇ ಮೆಲ್ಲಗೆ ಹೇಳಿದರು. ನಾನು ಮೋರಿ ಮೇಲೆ ಕೂತು ಫೋನಿನಲ್ಲಿ ಕೆಲಸದ ಗೋಳು ಹೇಳಿಕೊಳ್ಳುವಾಗ ಡೈರಿಗೆ ಹಾಲು ಹಾಕಿ ಬರುವವನು ಸೈಕಲ್ ತಳ್ಳಿಕೊಂಡು ಏರು ಹತ್ತುತ್ತಿದ್ದನಂತೆ. "ಹಾಲಕ್ಕಿ ಹಾಲಕ್ಕಿ ಅಂತಿದ್ದೆಯಲ್ಲ. ನಿನ್ನ ಹಾಲಕ್ಕಿ ಅವನೇ."

"ಹಂಗಾದ್ರೆ ನಿಮಗೆ ಮೊದಲೇ ಗೊತ್ತಿತ್ತಾ?"

"ಬೆಳಿಗ್ಗೆಯೇ ಗೊತ್ತಿತ್ತು. ನೀನೇ ಹೇಳ್ತೀಯ ಅಂತ ಸುಮ್ನಿದ್ದೆ. ಬಿಡೋದು ಹೌದಾ?"

ಹೌದು ಅಂದೆ. ಹೀಗೆ ಆ ತೀರ್ಮಾನವೂ ಸಾರಿನ ಸೌಟಿನ ಮುಂದೆ ಆಗಿಹೋಯಿತು. ದೊಡ್ಡಮ್ಮ ಇನ್ನೊಂದು ಸೌಟು ಬಡಿಸಿ, ಸರಿ ಬಿಡು, ಅಮ್ಮನಿಗೆ ನೀನೇ ಹೇಳು, ಬೇರೆಯವರಿಂದ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾಳೆ ಅಂದರು. ಬೆಳಿಗ್ಗೆ ಮೊದಲು ಅಮ್ಮನಿಗೇ ಫೋನ್ ಮಾಡಿದೆ. ದನಿ ತಗ್ಗಿಸಿ, ಹಿಂದೆ ಮುಂದೆ ನೋಡಿಕೊಂಡು. ಅಮ್ಮನಿಗೂ ಗೊತ್ತಿತ್ತು.

ಆಮೇಲೆ ಅಲ್ಲೇ ಕೂತು ಆ ಸಾಲನ್ನು ಸಂಪಾದಕಿಗೆ ಕಳಿಸಿದೆ. 'ನಾಳೆ ಯಾರದ್ದೋ ಹುಟ್ಟುಹಬ್ಬವಂತೆ! ಯಾರು ಹೇಳಿದ್ದು ಅಂತ ಮಾತ್ರ ಕೇಳಬೇಡ.' ಹಕ್ಕಿ ಎಲ್ಲಿ ಅಂತ ಅವರು ಕೇಳಿದರು. ಕಿಟಕಿ ಮೇಲೆ ಕೂತಿದೆಯಲ್ಲ, ಚಿತ್ರದಲ್ಲೇ ಇರುವಾಗ ಮಾತಿನಲ್ಲೂ ಯಾಕೆ, ಮಕ್ಕಳು ತಾವೇ ಹಿಡಿಯಲಿ ಅಂದೆ. ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. 'ಕೇಳಬೇಡ' ಅನ್ನುವುದನ್ನು 'ಕೇಳ್ಬೇಡ' ಮಾಡಿ, ಮಾತಾಡ್ತಿರೋದು ಅಜ್ಜ ಅಲ್ವಾ ಅಂದರು. ಅದೂ ಸರಿಯೇ. ಹಾಗೇ ಅಚ್ಚಾಯಿತು.